ಬೆಂಕಿಯ ಎಡಗಡೆ ನಿಂತ ಟ್ರೀನಾ

ಟ್ರೀನಾ ಸೆಪ್ಟೆಂಬರ್ ತೀರಿಕೊಂಡಾಗ ಚರ್ಚಿನಲ್ಲಿ ಪಾದ್ರಿಗಳು ಅವಳ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದರು. ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ಒಂದು ಭಾನುವಾರವೂ ಆರಾಧನೆ ತಪ್ಪಿಸದವಳು ಎಂದರು. ಇದನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು. ನಾಳೆ ನನ್ನ ಬಗ್ಗೆಯೂ ಹೇಳುತ್ತಾರೆ, ಮದುವೆಯಾಗದವಳು ಅನ್ನುವ ಕಾರಣಕ್ಕೆ ಮೊದಲ ಎರಡು ಮಾತು ಬಿಟ್ಟು. ಟ್ರೀನಾ ತನ್ನ ಕೊನೆಯ ಮೂರು ವರ್ಷ ನಿಜವಾಗಿ ಏನು ಮಾಡಿದಳು ಅನ್ನುವುದು ಗೊತ್ತಿದ್ದದ್ದು ಅವಳ ಗಂಡನಿಗೆ, ಮತ್ತು ಗೋಡೆಯಾಚೆ ಇದ್ದ ನನಗೆ. ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಈಗ ಹೇಳಿ ಏನು ಪ್ರಯೋಜನವೋ ಗೊತ್ತಿಲ್ಲ, ಆದರೂ ಹೇಳುತ್ತೇನೆ.

ಸೆಪ್ಟೆಂಬರ್ ಅನ್ನುವುದು ಅವರ ಮನೆತನದ ಹೆಸರು. ನಮ್ಮ ಬೀದಿಯಲ್ಲಿ ಏಪ್ರಿಲ್‌ಗಳೂ ಇದ್ದಾರೆ, ಫೆಬ್ರವರಿಗಳೂ ಇದ್ದಾರೆ. ಗುಲಾಮರಾಗಿ ಬಂದ ನಮ್ಮ ಹಿರಿಯರಿಗೆ ಹಡಗಿನಿಂದ ಇಳಿದ ತಿಂಗಳನ್ನೇ ಹೆಸರಾಗಿ ಅಂಟಿಸಿದ ದೊರೆಗಳಿಗೆ ಹೆಚ್ಚು ಯೋಚನೆ ಮಾಡುವಷ್ಟು ಪುರುಸೊತ್ತಿರಲಿಲ್ಲ ಎಂದು ಕಾಣುತ್ತದೆ. ದಕ್ಷಿಣ ಆಫ್ರಿಕಾದ ಪಾರ್ಲ್ ಊರಿನಲ್ಲಿ ನದಿಯ ಈಚೆ ದಡ ನಮ್ಮದು, ಆಚೆ ದಡದ ದ್ರಾಕ್ಷಿ ತೋಟಗಳು ಬಿಳಿಯರದು. ನಾನು ಮತ್ತು ಟ್ರೀನಾ ಹದಿನೇಳನೆಯ ವಯಸ್ಸಿಗೆ ಒಂದೇ ದಿನ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿದೆವು. ನಾನು ಎರಡು ವರ್ಷಕ್ಕೆ ಮೇಲ್ವಿಚಾರಕಿಯ ಜೊತೆ ಜಗಳವಾಡಿ ಹೊಲಿಗೆ ಯಂತ್ರದ ಮುಂದೆ ಬಂದು ಕೂತೆ. ಟ್ರೀನಾ ಯಾರ ಜೊತೆಯೂ ಜಗಳವಾಡುವವಳಲ್ಲ. ಪೀಚ್ ಹಣ್ಣಿನ ಸಿಪ್ಪೆ ಕಳಚಲು ಹಾಕುವ ಕ್ಷಾರದ ಹಬೆಯಲ್ಲಿ ಮೂವತ್ತೊಂದು ವರ್ಷ ನಿಂತಳು. ಕಾರ್ಖಾನೆ ಬಿಡುವಾಗ ಅವರು ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟರು, ಎದೆಯೊಳಗಿನ ಸಿಳ್ಳನ್ನು ಅವಳು ತಾನಾಗಿಯೇ ತಂದಳು.

ಅವಳ ಗಂಡ ಬ್ರಾಮ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಎತ್ತರದ ಆಳು, ಮಾತು ಕಡಿಮೆ. ವಾರದ ಆರು ದಿನ ಅವನು ಮನೆಯಲ್ಲಿ ಇದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಶನಿವಾರ ಮಾತ್ರ ಇಡೀ ಬೀದಿಗೆ ಅವನೇ ರಾಜ. ನಮ್ಮಲ್ಲಿ ಶನಿವಾರ ಎಂದರೆ ಬ್ರಾಯ್, ಹಿತ್ತಲಲ್ಲಿ ಬೆಂಕಿ ಹಾಕಿ ಮಾಂಸ ಸುಡುವುದು. ಬೆಂಕಿ ಎಲ್ಲರೂ ಹಾಕುತ್ತಾರೆ, ಬ್ರಾಮ್‌ನ ಬೆಂಕಿಗೆ ಜನ ತಮ್ಮ ಬೆಂಕಿ ಬಿಟ್ಟು ಬರುತ್ತಿದ್ದರು. ಉದ್ದುದ್ದ ಸೀಳಿದ ಎಣ್ಣೆ ಡ್ರಮ್ಮು, ಅದರಲ್ಲಿ ಒಂದು ಚೀಲ ಇದ್ದಿಲು, ಮೇಲೆ ತೋಟದವರು ಕಿತ್ತೆಸೆದ ಹಳೆ ದ್ರಾಕ್ಷಿ ಬುಡದ ಎರಡು ತುಂಡು. ಉರಿ ಇಳಿದು ಕೆಂಡದ ಮೇಲೆ ಬಿಳಿ ಬೂದಿ ತೆಳ್ಳಗೆ ಹತ್ತಿದ ಮೇಲೇ ಜಾಲರಿ ಇಡಬೇಕು. ಅದಕ್ಕೆ ಎರಡು ನಿಮಿಷ ಮೊದಲೂ ಅಲ್ಲ, ಎರಡು ನಿಮಿಷ ಆಮೇಲೂ ಅಲ್ಲ. ಸ್ನೂಕ್ ಮೀನಿಗೆ ಏಪ್ರಿಕಾಟ್ ಜಾಮು ಸವರಿ ಅವನು ಸುಡುತ್ತಿದ್ದದ್ದನ್ನು ತಿಂದವರು ಬೇರೆ ಊರಿಗೆ ಹೋದ ಮೇಲೂ ನೆನೆಸುತ್ತಿದ್ದರು.

ಬ್ರಾಯ್‌ಗೆ ನಮ್ಮ ಗಂಡಸರದು ಒಂದು ಕಟ್ಟಳೆಯಿದೆ. ಇನ್ನೊಬ್ಬನ ಬೆಂಕಿಗೆ ಕೈ ಹಾಕಬಾರದು. ಇನ್ನೊಬ್ಬನ ಇಕ್ಕಳ ಮುಟ್ಟಬಾರದು. ಕಣ್ಣೆದುರು ಮಾಂಸ ಕರಕಾಗುತ್ತಿದ್ದರೂ ಗ್ಲಾಸು ಹಿಡಿದು ನಿಂತು ರಗ್ಬಿಯ ಬಗ್ಗೆ ಮಾತಾಡಬೇಕು. ಹೆಂಗಸರ ಕೆಲಸ ಒಳಗೆ: ಆಲೂಗಡ್ಡೆ ಸಲಾಡು, ಬೀಟ್‌ರೂಟು, ಕೊನೆಯ ಕೆಂಡದ ಮೇಲೆ ಸುಡುವುದಕ್ಕೆ ಈರುಳ್ಳಿ ಟೊಮೇಟೊ ಇಟ್ಟ ಬ್ರೆಡ್ಡು. ಹೆಂಗಸು ಬೆಂಕಿಯ ಹತ್ತಿರ ಸುಳಿಯುವುದು ತಟ್ಟೆ ಕೊಡುವುದಕ್ಕೆ ಮಾತ್ರ. ಆದ್ದರಿಂದ ಟ್ರೀನಾ ಒಂದು ಚಳಿಗಾಲದಿಂದ ಬ್ರೆಡ್ಡಿನ ತಟ್ಟೆ ಹಿಡಿದು ಗಂಡನ ಎಡಗಡೆ ಎರಡೆರಡು ಗಂಟೆ ನಿಲ್ಲುವುದಕ್ಕೆ ಶುರು ಮಾಡಿದಾಗ ಎಲ್ಲರಿಗೂ ತಮಾಷೆಯಾಯಿತು.

"ಬ್ರಾಮ್, ನಿನ್ನ ಇನ್‌ಸ್ಪೆಕ್ಟರಮ್ಮ ಬಂದ್ರು ನೋಡು, ಟಿಕೆಟ್ ತೋರ್ಸು," ಎನ್ನುತ್ತಿದ್ದ ಎದುರು ಮನೆಯ ಸಾಲಿ ಏಪ್ರಿಲ್.

ಬ್ರಾಮ್ ನಗುತ್ತಿರಲಿಲ್ಲ. ಟ್ರೀನಾ ಮಾತ್ರ ಬಾಯಿಗೆ ಬಿಡುವಿಲ್ಲದ ಹಾಗೆ ಮಾತಾಡುತ್ತಿದ್ದಳು. ಆ ಮಾತಿನಲ್ಲಿ ಪ್ರತಿ ಶನಿವಾರ ನನ್ನ ಹೆಸರು ಬರುತ್ತಿತ್ತು. ಗೋಡೆ ನನ್ನ ಭುಜದೆತ್ತರ, ನನ್ನ ಕಿವಿ ಚೆನ್ನಾಗಿಯೇ ಇದೆ. "ಎಸ್ಮೆ ಈ ವಾರಾನೂ ಪರದೆ ಒಗೆದಿಲ್ಲ." ಹತ್ತು ನಿಮಿಷ ಬಿಟ್ಟು, "ಎಸ್ಮೆ ಆ ಬೆಕ್ಕಿಗೆ ಹಾಕೋ ಹಾಲಲ್ಲಿ ಒಂದು ಸಂಸಾರ ಸಾಕ್ಬಹುದು." ನಾಲ್ಕು ಶನಿವಾರ ಸಹಿಸಿಕೊಂಡೆ. ಐದನೆಯ ವಾರ ಸೋಮವಾರ ಬೆಳಿಗ್ಗೆ ನೇರವಾಗಿ ಅವಳ ಅಡುಗೆಮನೆಗೆ ನುಗ್ಗಿದೆ.

"ಏನೇ, ವಾರವಾರ ನನ್ನ ಹೆಸರು ಬಾಯಲ್ಲಿಟ್ಕೊಂಡು ಚಪ್ಪರಿಸ್ತಿದ್ದೀಯಲ್ಲ, ನಾನೇನು ನಿಂಗೆ ಉಪ್ಪಿನಕಾಯಾ?"

ಟ್ರೀನಾ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಂತಾಗ ಕಣ್ಣಲ್ಲಿ ನೀರಿತ್ತು, ಆ ನೀರು ಕೆಮ್ಮಿನದಲ್ಲ ಎಂದು ನನಗೆ ಸ್ವಲ್ಪ ತಡವಾಗಿ ತಿಳಿಯಿತು.

"ಕೂತ್ಕೋ ಎಸ್ಮೆ. ನಿನ್ನ ಹೆಸರು ಅಂದ್ರೆ ತಿರುವಿ ಹಾಕು ಅಂತ."

"ಏನನ್ನ?"

"ಮಾಂಸಾನ."

ಬ್ರಾಮ್‌ನ ಕಣ್ಣು ಹೋಗಿತ್ತು. ಸಕ್ಕರೆ ಕಾಯಿಲೆ ಅವನ ಕಣ್ಣನ್ನು ಒಳಗಿನಿಂದ ತಿಂದಿತ್ತು. ಸ್ವಲ್ಪ ಮಂಜು ಎಂದು ಎಲ್ಲರಿಗೂ ಗೊತ್ತಿತ್ತು, ಬೆನ್ನುನೋವು ಎಂದು ಹೇಳಿ ಬಸ್ಸು ಬಿಟ್ಟಿದ್ದೂ ಗೊತ್ತಿತ್ತು. ಬೆಳಕು ಎಲ್ಲಿದೆ ಅನ್ನುವುದೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ಮಗಳಿಗೂ ಹೇಳಿರಲಿಲ್ಲ. ಮನೆಯೊಳಗೆ ಹೆಜ್ಜೆ ಎಣಿಸಿ ನಡೆಯುತ್ತಿದ್ದ. ಬೆಂಕಿಯ ಹತ್ತಿರ ಹೆಜ್ಜೆ ಎಣಿಸಿದರೆ ಆಗುವುದಿಲ್ಲವಲ್ಲ, ಅಲ್ಲಿ ಕಣ್ಣೇ ಬೇಕು. ಹಾಗಾಗಿ ಗಂಡ ಹೆಂಡತಿ ಸೇರಿ ಒಂದು ಉಪಾಯ ಮಾಡಿದ್ದರು. ಅವಳು ಪಾದ್ರಿಗಳ ವಿಷಯ ಎತ್ತಿದರೆ ಕೆಂಡ ಸಿದ್ಧ. ನನ್ನ ಹೆಸರು ಬಂದರೆ ತಿರುವಬೇಕು. ಮಗಳ ವಿಷಯ ಬಂದರೆ ಇಳಿಸಬೇಕು.

"ಅಲ್ವೇ, ನನ್ನ ಹೆಸರೇ ಯಾಕೆ ಬೇಕಿತ್ತು?"

"ಒಂದು ಸಲದ ಅಡುಗೇಲಿ ಇಪ್ಪತ್ತು ಸಲ ತಿರುವ್ಬೇಕು ಎಸ್ಮೆ. ಇಪ್ಪತ್ತು ಸಲ ಮಾತಾಡೋಷ್ಟು ವಿಷಯ ಬೇರೆ ಯಾರ ಬಗ್ಗೆ ಇದೆ ಹೇಳು?"

ಯಾರಿಗೂ ಹೇಳುವುದಿಲ್ಲ ಎಂದು ಅವಳು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. ಕೊಟ್ಟೆ. ಅವತ್ತು ಅದು ಬಹಳ ದೊಡ್ಡ ಮನಸ್ಸಿನ ಕೆಲಸ ಅನ್ನಿಸಿತ್ತು ನನಗೆ. ಈ ಮುದಿ ಜೋಡಿಯ ಮೇಲೆ ನನಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆ ವರ್ಷದ ಕ್ರಿಸ್‌ಮಸ್‌ಗೆ ಮಗಳು ಷಾರ್ಲೀನ್ ಮತ್ತು ಅಳಿಯ ಕ್ಲೈವ್ ಗ್ಯಾಸಿನ ಒಲೆ ತಂದರು. ಷಾರ್ಲೀನ್ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು, ತಾಯಿಯ ಉಸಿರಿನ ಪಂಪು ತಿಂಗಳಿಗೆ ಎಷ್ಟು ಖಾಲಿಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಪ್ಪು ಮುಚ್ಚಳ, ಎರಡು ಚಕ್ರ, ಮುಂದೆ ಮೂರು ಗುಂಡಿ, ಪಕ್ಕದಲ್ಲಿ ಸಿಲಿಂಡರು. ಹಿತ್ತಲಲ್ಲಿ ಅದನ್ನು ನಿಲ್ಲಿಸಿದಾಗ ಬೀದಿಯ ಅರ್ಧ ಗಂಡಸರು ಬಂದು ಸುತ್ತ ನಿಂತರು. ಬ್ರಾಮ್ ಕೈ ಹಿಂದೆ ಕಟ್ಟಿಕೊಂಡು ಮೂರು ಹೆಜ್ಜೆ ದೂರದಲ್ಲೇ ನಿಂತ.

"ಡ್ಯಾಡಿ, ಹೊಗೆ ಇಲ್ಲ, ಬೂದಿ ಇಲ್ಲ. ಗುಂಡಿ ತಿರುವಿದ್ರೆ ಮುಗೀತು," ಎಂದ ಕ್ಲೈವ್.

"ಗುಂಡಿ ತಿರುವೋದು ಅಡುಗೆಮನೇಲಿ ಒಂದಿದೆ. ಅದರ ತಮ್ಮನ್ನ ತಂದು ಬಿಸಿಲಲ್ಲಿ ನಿಲ್ಸಿದ್ದೀಯ."

"ರುಚಿ ಒಂದೇ ಡ್ಯಾಡಿ. ಕಣ್ಣು ಮುಚ್ಕೊಂಡು ತಿಂದ್ರೆ ಗೊತ್ತೇ ಆಗಲ್ಲ."

ನಾನು ಟ್ರೀನಾ ಮುಖ ನೋಡಿದೆ. ಅವಳು ಏಪ್ರನ್ನಿನ ದಾರ ಬಿಗಿ ಮಾಡುತ್ತಿದ್ದಳು.

"ಗೊತ್ತಾಗುತ್ತೆ," ಎಂದ ಬ್ರಾಮ್.

ಸಾಲಿ ಅವನ ಪರ ಬಂದ. "ಗ್ಯಾಸಲ್ಲಿ ಸುಟ್ಟ ಚಾಪ್ಸ್ ತಿನ್ನೋದೂ ಹೆಂಡ್ತಿ ಫೋಟೋಗೆ ಮುತ್ತು ಕೊಡೋದೂ ಒಂದೇ ಕಣೋ ಕ್ಲೈವ್. ಆಗುತ್ತೆ, ಆದ್ರೆ ಯಾಕೆ?"

"ನಿಮ್ಮ ಇದ್ದಿಲು ಹತ್ತಿ ಕೆಂಡ ಆಗೋಷ್ಟ್ರಲ್ಲಿ ನಾವು ಇದರಲ್ಲಿ ತಿಂದು ಪಾತ್ರೆ ತೊಳೆದಿರ್ತೀವಿ, ಸಾಲಿ ಅಂಕಲ್."

"ಆಮೇಲೆ ಇಡೀ ಮಧ್ಯಾಹ್ನ ಏನ್ ಮಾಡ್ತೀರ? ಒಬ್ಬರ ಮುಖ ಒಬ್ಬರು ನೋಡ್ತಾ ಕೂರ್ತೀರಾ?"

ಷಾರ್ಲೀನ್‌ಗೆ ಈ ತಮಾಷೆ ಬೇಕಿರಲಿಲ್ಲ. "ಮಮ್ಮಿ ಎದೆಗೆ ಹೊಗೆ ಆಗಲ್ಲ ಡ್ಯಾಡಿ. ಅದಕ್ಕೇ ತಂದಿದ್ದು. ಇನ್ನು ಆ ಡ್ರಮ್ಮು ಸಾಕು."

ಎಲ್ಲರೂ ಬ್ರಾಮ್ ಕಡೆ ನೋಡಿದರು. ಉತ್ತರ ಕೊಟ್ಟವಳು ಟ್ರೀನಾ. "ನನ್ನೆದೆಗೇನಾಗಿದೆ, ಕಲ್ಲು ಹಾಗಿದೆ. ನಂಗೆ ಆಗದೇ ಇರೋದು ಗ್ಯಾಸ್ ವಾಸನೆ, ಹೊಟ್ಟೆ ತೊಳಸುತ್ತೆ."

ಕ್ಲೈವ್ ಅಷ್ಟಕ್ಕೇ ಬಿಡದೆ ಒಂದು ಸುರುಳಿ ಸಾಸೇಜು ಸುಟ್ಟು ಮಾವನ ಕೈಗೆ ಕೊಟ್ಟ. ಬ್ರಾಮ್ ಅಗಿದು ನುಂಗಿ, "ಬೆಂದಿದೆ," ಎಂದ. ಅಷ್ಟೇ ಎಂದ. ಹೊಸ ವರ್ಷದ ಹೊತ್ತಿಗೆ ಗ್ಯಾಸಿನ ಒಲೆ ತಗಡಿನ ಸೂರಿನ ಕೆಳಗೆ ಮೂಲೆ ಸೇರಿತು. ಟ್ರೀನಾ ಅದಕ್ಕೆ ಪ್ಲಾಸ್ಟಿಕ್ ಹೊದೆಸಿ, ಮೇಲೆ ಬಟ್ಟೆ ಕ್ಲಿಪ್ಪಿನ ಬುಟ್ಟಿ ಇಟ್ಟಳು.

ನಾನು ಅಡುಗೆಮನೆಗೆ ಹೋಗಿ ಅವಳನ್ನು ಬೈದೆ. ಆಸ್ಪತ್ರೆಯ ಸಿಸ್ಟರ್ ಏನು ಹೇಳಿದ್ದಳೆಂದು ನನಗೆ ಗೊತ್ತಿತ್ತು, ಟ್ರೀನಾ ಜೊತೆ ಬೆಂಚಿನ ಮೇಲೆ ಕಾದು ಕೂತವಳು ನಾನೇ. ಹೊಗೆಯ ಹತ್ತಿರ ಹೋದರೆ ಈ ಶ್ವಾಸಕೋಶ ನಿಮ್ಮನ್ನು ಬಹಳ ದಿನ ಹೊರುವುದಿಲ್ಲ ಎಂದು ಬಿಡಿಸಿ ಹೇಳಿದ್ದಳು.

"ಗ್ಯಾಸ್ ಬಂತು ಅಂದ್ರೆ ಇಕ್ಕಳ ಕ್ಲೈವ್ ಕೈಗೆ ಹೋಯ್ತು ಎಸ್ಮೆ," ಎಂದಳು ಟ್ರೀನಾ. "ಬ್ರಾಮ್ ಕುರ್ಚಿಗೆ ಹೋದ. ಬಸ್ಸು ಬಿಟ್ಟ ಮೇಲೆ ಆರು ತಿಂಗಳು ಹೆಂಗಿದ್ದ ಅಂತ ನೋಡಿದ್ದೀಯಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತಿದ್ದ, ಊಟ ಮಾಡು ಅಂದ್ರೂ ಹೂಂ ಇಲ್ಲ. ಈಗ ಶನಿವಾರ ಒಂದಿನ ಎದ್ದು ಗಡ್ಡ ಬೋಳಿಸ್ಕೊಂಡು ಶರ್ಟ್ ಬದಲಾಯಿಸ್ತಾನೆ. ಅದೂ ಹೋದ್ರೆ ಮಿಕ್ಕಿದ್ದ ಆರು ದಿನ ನಾನು ಯಾರ ಜೊತೆ ಬಾಳ್ಲಿ?"

"ನಿನ್ನ ಎದೆ?"

"ವಾರಕ್ಕೆ ಎರಡು ಗಂಟೆ ಹೊಗೆ. ಕಾರ್ಖಾನೇಲಿ ಅದಕ್ಕಿಂತ ಕೆಟ್ಟದ್ದು ಕುಡಿದಿದ್ದೀನಿ."

"ಅವನಿಗೆ ಹೇಳಿದ್ದೀಯಾ ಸಿಸ್ಟರ್ ಅಂದಿದ್ದು?"

"ಏನೂ ಇಲ್ಲ ಅಂದ್ರು ಅಂತ ಹೇಳಿದ್ದೀನಿ."

ನನಗೆ ಅವಳು ಹೇಳಿದ್ದು ಸರಿ ಅನ್ನಿಸಿತು. ಗ್ಯಾಸು ಎಂದರೆ ಬ್ರಾಮ್ ಕುರ್ಚಿಯಲ್ಲಿ ಕೂರುವುದು, ಇದ್ದಿಲು ಎಂದರೆ ಬ್ರಾಮ್ ನಿಂತಿರುವುದು, ಇದರ ಮಧ್ಯೆ ಬೇರೆ ದಾರಿಯೇ ಇಲ್ಲ ಎಂದು ನಾವು ಮೂವರೂ ನಂಬಿದ್ದೆವು.

ಎರಡೂವರೆ ವರ್ಷ ಹಾಗೇ ನಡೆಯಿತು. ಟ್ರೀನಾ ಏಪ್ರನ್ನಿನ ಜೇಬಿನಲ್ಲಿ ಪಂಪು ಇಟ್ಟುಕೊಂಡು ನಿಲ್ಲುತ್ತಿದ್ದಳು. ಉಪ್ಪು ತರುತ್ತೇನೆ ಎಂದು ಒಳಗೆ ಹೋಗಿ ಎರಡು ಸಲ ಎಳೆದುಕೊಂಡು ಬರುತ್ತಿದ್ದಳು. ಒಂದು ಸಲ ಒಳಗೆ ಹೋದವಳಿಗೆ ಬೇಗ ಉಸಿರು ಹಿಂದಿರುಗಲಿಲ್ಲ. ಹೊರಗೆ ಎಂಟು ಚಾಪ್ಸ್ ಕರಕಾದವು. ಆರು ಗಂಡಸರು ಅದನ್ನು ನೋಡುತ್ತಾ ರಗ್ಬಿಯ ಬಗ್ಗೆ ಮಾತಾಡಿದರು. ತಿನ್ನುವಾಗ ಸಾಲಿ, "ಇವತ್ತು ಸ್ವಲ್ಪ ಗರಿಗರಿಯಾಗಿದೆ," ಎಂದ. ನಮ್ಮ ಗಂಡಸರ ಮರ್ಯಾದೆ ಅಷ್ಟು ದೊಡ್ಡದು.

ಜುಲೈ ತಿಂಗಳಲ್ಲಿ ಬ್ರಾಮ್‌ಗೆ ಎಪ್ಪತ್ತು ತುಂಬಿತು. ನಮ್ಮಲ್ಲಿ ಜುಲೈ ಎಂದರೆ ಮಳೆ, ಚಳಿ. ಡ್ರಮ್ಮನ್ನು ತಗಡಿನ ಸೂರಿನ ಕೆಳಗೆ ಎಳೆದುಕೊಂಡಿದ್ದರು. ಇದ್ದಿಲ ಚೀಲಕ್ಕೆ ನೀರು ತಗುಲಿತ್ತು, ದ್ರಾಕ್ಷಿ ಬುಡವೂ ಹಸಿ. ಹೊಗೆ ಹೊರಗೆ ಹೋಗದೆ ಸೂರಿಗೆ ಬಡಿದು ಕೆಳಗಿಳಿಯುತ್ತಿತ್ತು. ಗಂಡಸರು ಒಬ್ಬೊಬ್ಬರಾಗಿ ಹೊರಗೆ ಮಳೆಗೇ ಹೋಗಿ ನಿಂತರು. ಒಳಗೆ ಉಳಿದವರು ಇಬ್ಬರೇ, ಬ್ರಾಮ್ ಮತ್ತು ಅವನ ಎಡಗಡೆ ಟ್ರೀನಾ. ಅವಳ ಮಾತು ತುಂಡು ತುಂಡಾಗಿ ಬರುತ್ತಿತ್ತು. ಗ್ಯಾಸಿನ ಒಲೆ ಅವಳ ಬೆನ್ನಿನಿಂದ ಎರಡು ಮೊಳ ದೂರದಲ್ಲಿತ್ತು.

ನನಗೆ ತಡೆಯಲಾಗಲಿಲ್ಲ. ಸೂರಿನ ಕೆಳಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ: "ಬ್ರಾಮ್, ಇವತ್ತೊಂದಿನ ಆ ಗ್ಯಾಸ್ ಹಚ್ಚು. ಇವಳ ಉಸಿರು ಕೇಳಿಸ್ತಿಲ್ವಾ ನಿಂಗೆ?"

ಬ್ರಾಮ್‌ನ ಇಕ್ಕಳ ನಿಂತಿತು. ಅವನು ಏನೋ ಹೇಳುವುದರಲ್ಲಿದ್ದ, ಇವತ್ತಿಗೂ ನಾನು ಹಾಗೆ ನಂಬಿದ್ದೇನೆ. ಅಷ್ಟರಲ್ಲಿ ಟ್ರೀನಾ ನನ್ನನ್ನು ದುರುಗುಟ್ಟಿ ನೋಡಿ, ನಗುವ ದನಿ ಮಾಡಿ, "ಎಸ್ಮೆಗೆ ಇವತ್ತು ಹಸಿವು ಜಾಸ್ತಿ," ಎಂದಳು.

ಮಳೆಯಲ್ಲಿ ನಿಂತವರು ನಕ್ಕರು. ನನ್ನ ಹೆಸರು ಬಂತಲ್ಲ, ಬ್ರಾಮ್ ಮಾಂಸವನ್ನು ತಿರುವಿ ಹಾಕಿದ.

ಸೋಮವಾರ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಹನ್ನೊಂದನೆಯ ದಿನ, ಗುರುವಾರ ಬೆಳಿಗ್ಗೆ, ಹೋದಳು. ಕಾಗದದಲ್ಲಿ ನ್ಯುಮೋನಿಯಾ ಎಂದು ಬರೆದರು. ಕಾರ್ಖಾನೆ ಅವಳನ್ನು ಅರ್ಧ ಕೊಂದಿತ್ತು ಎಂದು ನನಗೆ ಗೊತ್ತು. ಉಳಿದ ಅರ್ಧ ನಮ್ಮದು. ಕೊನೆಯ ದಿನ ಮುಖಕ್ಕೆ ಕಟ್ಟಿದ್ದ ಆಮ್ಲಜನಕದ ಮುಖವಾಡ ಸರಿಸಿ ಅವಳು ನನಗೆ ಹೇಳಿದ್ದು, "ಶನಿವಾರ ನೀನು ನಿಂತ್ಕೋ," ಎಂದು. ನಾನು ತಲೆಯಾಡಿಸಿದೆ. ಸಾಯುತ್ತಿರುವವಳ ಮುಂದೆ ತಲೆಯಾಡಿಸುವುದು ಸುಲಭ.

ಮೂರು ವಾರ ಬಿಟ್ಟು ಒಂದು ಶನಿವಾರ ಬ್ರಾಮ್ ಯಾರನ್ನೂ ಕೇಳದೆ ಬೆಂಕಿ ಹಾಕಿದ. ಷಾರ್ಲೀನ್, ಕ್ಲೈವ್, ಸಾಲಿ, ನಾನು, ನಾವಷ್ಟೇ ಇದ್ದೆವು. ಗಡ್ಡ ಬೋಳಿಸಿಕೊಂಡಿದ್ದ, ಗಲ್ಲದ ಹತ್ತಿರ ಒಂದಷ್ಟು ಬಿಟ್ಟುಹೋಗಿತ್ತು. ಇದ್ದಿಲು ಹತ್ತಿತು, ಉರಿ ಎದ್ದಿತು, ಉರಿ ಇಳಿಯಿತು. ಕೆಂಡದ ಮೇಲೆ ಬಿಳಿ ಬೂದಿ ಹತ್ತಿತು. ಬ್ರಾಮ್ ಇಕ್ಕಳ ಹಿಡಿದು ನಿಂತೇ ಇದ್ದ. ಮಾಂಸದ ತಟ್ಟೆ ಅವನ ಬಲಗೈಗೆ ಸಿಗುವ ಹಾಗಿತ್ತು. ಅವನು ಮುಖ ಎಡಕ್ಕೆ ಸ್ವಲ್ಪ ವಾಲಿಸಿ ಕಾಯುತ್ತಿದ್ದ.

ಪಾದ್ರಿಗಳ ಹೆಸರು ನಾನು ಎತ್ತಿದ್ದರೆ ಸಾಕಿತ್ತು. ಪಾದ್ರಿಗಳು ಹೇಗಿದ್ದಾರಂತೆ ಎಂದು ಕೇಳಿದ್ದರೆ ಸಾಕಿತ್ತು. ಆದರೆ ಅವಳ ಜಾಗಕ್ಕೆ ಹೋಗಿ ನಿಂತು ಅವಳ ಮಾತು ಆಡುವುದು ನನ್ನಿಂದ ಆಗಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ನಾನು ಅವತ್ತು ಖಾಲಿ ತಟ್ಟೆ ಹಿಡಿದು ನಿಂತಿದ್ದೆ. ಕೆಂಪು ಕಂದಿತು, ಕೆಂಡ ಕುಸಿಯಿತು. ಕ್ಲೈವ್ ನೋಡಿದ, ಸಾಲಿ ನೋಡಿದ, ಇಬ್ಬರೂ ಕೈ ಹಾಕಲಿಲ್ಲ, ಇನ್ನೊಬ್ಬನ ಬೆಂಕಿ. ಸಾಲಿ ಮುಂದಿನ ವಾರದ ಪಂದ್ಯದ ಬಗ್ಗೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ.

ಕೊನೆಗೆ ನನ್ನ ಬಾಯಿಂದ ಬಂದದ್ದು, "ಬ್ರಾಮ್, ಎಲ್ಲ ಬೂದಿಯಾಯ್ತು."

ಅವನು ಗಡಬಡಿಸಿ ಒಂದು ಚಾಪ್ ಎತ್ತಿ ಇಟ್ಟ. ಅದು ಜಾಲರಿಯ ಅಂಚು ತಪ್ಪಿ ನೆಲಕ್ಕೆ ಬಿತ್ತು. ಅವನಿಗೆ ಅದು ಬಿದ್ದದ್ದು ಸದ್ದಿನಿಂದ ಗೊತ್ತಾಯಿತು, ನಮಗೆ ಉಳಿದದ್ದೆಲ್ಲ ಅವನ ಮುಖದಿಂದ ಗೊತ್ತಾಯಿತು.

"ಡ್ಯಾಡಿ," ಎಂದಳು ಷಾರ್ಲೀನ್. "ಎಷ್ಟು ದಿನದಿಂದ?"

ಅವನು ಇಕ್ಕಳವನ್ನು ಕ್ಲೈವ್ ಇದ್ದಾನೆಂದುಕೊಂಡ ಕಡೆಗೆ ಚಾಚಿದ. ಕ್ಲೈವ್ ಇನ್ನೊಂದು ಕಡೆ ಇದ್ದ. ಆ ಇಕ್ಕಳ ಗಾಳಿಯಲ್ಲಿ ಎಷ್ಟು ಹೊತ್ತು ನಿಂತಿತ್ತೋ, ಕ್ಲೈವ್ ಸುತ್ತಿ ಬಂದು ಎರಡೂ ಕೈಯಿಂದ ತೆಗೆದುಕೊಂಡ.

ಷಾರ್ಲೀನ್ ನನ್ನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ ಎಸ್ಮೆ ಆಂಟಿ?"

"ಗೊತ್ತಿತ್ತು."

"ಮಮ್ಮಿ ಅದಕ್ಕೇ ಅಲ್ಲಿ ನಿಲ್ತಿದ್ದಿದ್ದಾ? ಆ ಹೊಗೇಲಿ?"

"ಹೂಂ."

"ಸಿಸ್ಟರ್ ಏನು ಹೇಳಿದ್ರು ಅಂತ ಗೊತ್ತಿದ್ದೂ?"

ಅದಕ್ಕೂ ಹೂಂ ಎಂದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಭ್ಯಾಸವಿದೆ, ತಿರುಗಿ ಏನಾದರೂ ಹೇಳುತ್ತಿದ್ದೆ. ನನ್ನ ಕೈಯಲ್ಲಿದ್ದ ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಹೋಗಿ ತೊಳೆದು ಒರೆಸಿ ಕಪಾಟಿನಲ್ಲಿಟ್ಟಳು. ಎರಡು ತಿಂಗಳು ಬೀದಿಯಲ್ಲಿ ಎದುರಾದರೂ ಅವಳು ನನ್ನನ್ನು ಮಾತಾಡಿಸಲಿಲ್ಲ.

ಅಕ್ಟೋಬರಿನಲ್ಲಿ, ಬಿಸಿಲು ಹಿಂದಿರುಗಿದ ಮೇಲೆ, ಗೋಡೆಯ ಆಚೆಯಿಂದ ಬ್ರಾಮ್‌ನೇ ಕರೆದ. "ಎಸ್ಮೆ, ಮನೇಲಿದ್ದೀಯಾ? ಬಾ."

ಹೋದರೆ ಕ್ಲೈವ್ ಪ್ಲಾಸ್ಟಿಕ್ ತೆಗೆದು ಗ್ಯಾಸಿನ ಒಲೆಯನ್ನು ಅಂಗಳದ ಮಧ್ಯಕ್ಕೆ ತಂದಿದ್ದ. ಷಾರ್ಲೀನ್ ನನಗೆ ಒಂದು ಕುರ್ಚಿ ಎಳೆದು ಹಾಕಿದಳು. ಆ ಕುರ್ಚಿಯೇ ನನಗೆ ಸಾಕಾಗಿತ್ತು. ಬ್ರಾಮ್‌ನನ್ನು ಕೂರಿಸಿ ಕ್ಲೈವ್ ಅಡುಗೆ ಮಾಡುತ್ತಾನೆ ಎಂದುಕೊಂಡು ನಾನು ಮುಖ ಬೇರೆ ಕಡೆ ತಿರುಗಿಸಿಕೊಂಡೆ.

"ಡ್ಯಾಡಿ, ಇಲ್ಲಿ ಕೈ ಕೊಡಿ," ಎಂದ ಕ್ಲೈವ್. "ಒತ್ತಿ ತಿರುವಿ. ಟಕ್ ಅಂತಲ್ಲ, ಹತ್ತಿತು. ಇನ್ನೂ ತಿರುವಿದ್ರೆ ಕಮ್ಮಿ. ಮೂರೂ ಹಂಗೇ."

ಬ್ರಾಮ್ ಮೂರು ಗುಂಡಿಗಳನ್ನೂ ಬೆರಳಿನಿಂದ ತಡವಿದ. ಪ್ರತಿಯೊಂದರ ಮೇಲೂ ಒಂದು ಏಣು ಇತ್ತು, ಅದು ಎತ್ತ ನೋಡುತ್ತಿದೆ ಎಂದು ಬೆರಳಿಗೇ ತಿಳಿಯುತ್ತಿತ್ತು. ಒಂದು ಸಲ ಆರಿಸಿದ, ಹಚ್ಚಿದ, ಮತ್ತೆ ಆರಿಸಿದ, ಮತ್ತೆ ಹಚ್ಚಿದ. ಅಂಗೈಯನ್ನು ಜಾಲರಿಯ ಮೇಲೆ ಈ ತುದಿಯಿಂದ ಆ ತುದಿಗೆ ಒಯ್ದ. ಇದ್ದಿಲಾದರೆ ಒಂದು ಮೂಲೆ ಸುಡುತ್ತದೆ, ಒಂದು ಮೂಲೆ ಆರಿರುತ್ತದೆ, ಯಾವುದು ಎಲ್ಲಿ ಎಂದು ಗಳಿಗೆಗೊಮ್ಮೆ ನೋಡಬೇಕು. ಇಲ್ಲಿ ಎಲ್ಲ ಕಡೆ ಒಂದೇ ಕಾವು. ಅವನು ಚಾಪ್ಸನ್ನು ಎಡದಿಂದ ಒಂದೊಂದಾಗಿ ಸಾಲಾಗಿಟ್ಟ. ಕೊಬ್ಬು ಕರಗುವ ಸದ್ದಿಗೆ ಕಿವಿಗೊಟ್ಟು, ಸದ್ದು ಬದಲಾದಾಗ ಎಡದಿಂದಲೇ ತಿರುವಿ ಹಾಕಿದ. ಯಾರೂ ಏನೂ ಹೇಳಿಕೊಡಲಿಲ್ಲ. ಕ್ಲೈವ್ ಕೈ ಕಟ್ಟಿಕೊಂಡು ಹಿಂದೆ ನಿಂತಿದ್ದ.

ಮಾಂಸ ಚೆನ್ನಾಗಿತ್ತು. ಇದ್ದಿಲ ವಾಸನೆಯಿರಲಿಲ್ಲ, ಸರಿ. ಆದರೆ ಹದವಾಗಿ ಬೆಂದಿತ್ತು, ಒಂದೂ ಕರಕಾಗಿರಲಿಲ್ಲ.

"ನೋಡಿದ್ರಾ ಡ್ಯಾಡಿ, ಎಷ್ಟು ಸುಲಭ," ಎಂದಳು ಷಾರ್ಲೀನ್. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆಮೇಲೆ ಗಂಡನನ್ನು ಕರೆದುಕೊಂಡು ಸಲಾಡು ತರಲು ಒಳಗೆ ಹೋದಳು.

ಬ್ರಾಮ್ ಗುಂಡಿ ಆರಿಸಿ ಅದರ ಮೇಲೇ ಕೈ ಇಟ್ಟುಕೊಂಡು ನಿಂತಿದ್ದ. ಅವನ ಎಡಗಡೆ ಯಾರೂ ಇರಲಿಲ್ಲ, ಯಾರೂ ಬೇಕಾಗಿಯೂ ಇರಲಿಲ್ಲ. ಅದು ನನಗೆ ಹೊಳೆದ ಹೊತ್ತಿಗೆ ಅವನಿಗೆ ಆಗಲೇ ಹೊಳೆದಾಗಿತ್ತು.

"ಇದು ಇಲ್ಲೇ ಇತ್ತು ಎಸ್ಮೆ. ಮೂರು ವರ್ಷದ ಹತ್ತಿರ."

"ಹೂಂ."

"ನಾನು ಒಂದು ಸಲಾನೂ ಮುಟ್ಟಿ ನೋಡ್ಲಿಲ್ಲ."

ಮೂವತ್ತು ವರ್ಷದಿಂದ ನನ್ನ ಮನೆಯಲ್ಲಿ ಗ್ಯಾಸಿನ ಒಲೆಯಿದೆ. ಕರೆಂಟ್ ಹೋದಾಗಲೆಲ್ಲ ಕತ್ತಲೆಯಲ್ಲಿ ಕೈಯಿಂದಲೇ ತಡವಿ ಹಚ್ಚಿ ಸಾರು ಕುದಿಸಿದ್ದೇನೆ. ಕಣ್ಣಿಲ್ಲದೆ ಅದು ಆಗುತ್ತದೆ ಎಂದು ಈ ಬೀದಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಇವನಿಗೆ ಕುರ್ಚಿಯೇ ಗತಿ ಎಂದು ಅವಳು ಅಂದಾಗ ಅವಳ ಜೊತೆ ಕೂತು ತಲೆಯಾಡಿಸಿದವಳೂ ನಾನೇ.

"ಅವಳು ಕೆಮ್ಮೋದು ನಂಗೆ ಕೇಳಿಸ್ತಿತ್ತು," ಎಂದ ಬ್ರಾಮ್. "ಏನೂ ಇಲ್ಲ ಅಂತಿದ್ಲು. ಅವಳು ಸುಳ್ಳು ಹೇಳ್ತಿದ್ದಾಳೆ ಅಂತ ಗೊತ್ತಿತ್ತು. ಪಕ್ಕದಲ್ಲಿ ಇರ್ಲಿ ಅಂತ ನಂಬ್ದೆ."

ಒಳಗೆ ತಟ್ಟೆಗಳ ಸದ್ದಾಗುತ್ತಿತ್ತು. ಅವನು ಗುಂಡಿಯ ಮೇಲಿಂದ ಕೈ ತೆಗೆದು ಕೇಳಿದ.

"ಎಸ್ಮೆ, ಈ ಮೂರು ವರ್ಷದಲ್ಲಿ, ಶನಿವಾರ, ಅವಳು ಒಂದಿನವಾದ್ರೂ ಎಲ್ಲರ ಜೊತೆ ಕೂತು ಬಿಸಿಬಿಸಿಯಾಗಿ ಊಟ ಮಾಡಿದ್ದು ನೋಡಿದ್ದೀಯಾ?"

ನೋಡಿದ್ದೇನೆ ಎಂದು ಹೇಳಬಹುದಿತ್ತು. ಅವನಿಗೆ ಕಾಣುತ್ತಿರಲಿಲ್ಲ, ಅವಳು ಇರಲಿಲ್ಲ, ಯಾರೂ ನನ್ನನ್ನು ಹಿಡಿಯುತ್ತಿರಲಿಲ್ಲ. ಆದರೆ ಮೂರು ವರ್ಷ ಆ ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹೇಳಿದ ಸುಳ್ಳು ಸಾಕಾಗಿತ್ತು.

"ಇಲ್ಲ ಬ್ರಾಮ್," ಎಂದೆ.